ಐದು ದಿನದ ಪ್ಲೇಟ್‌ಲೆಟ್ ಚೀಲ: ಖರೀದಿಗೆ ಮುನ್ನ ನೋಡಬೇಕಾದದ್ದು

ಡೆಂಗಿ ಹೆಚ್ಚುವ ಮಳೆಗಾಲದಲ್ಲಿ ಪ್ಲೇಟ್‌ಲೆಟ್ ಎಲ್ಲಿ ಸಿಗುತ್ತದೆ ಎಂದು ವಿಚಾರಿಸುವವರು ಬಹಳ. ಅದನ್ನು ತುಂಬಿಟ್ಟಿರುವ ಚೀಲ ಯಾವ ಪ್ಲಾಸ್ಟಿಕ್ಕಿನದು ಎಂದು ವಿಚಾರಿಸುವವರು ರಕ್ತ ಕೇಂದ್ರದ ಒಳಗೂ ಕಡಿಮೆ. ಪಿವಿಸಿ ಪ್ಲಾಸ್ಟಿಕ್ಕನ್ನು ಮೆದುಗೊಳಿಸಲು ಡಿಇಎಚ್‌ಪಿ ಎಂಬ ರಾಸಾಯನಿಕದ ಬದಲು ಟಿಒಟಿಎಂ ಎಂಬ ಇನ್ನೊಂದನ್ನು ಬಳಸಿ ತಯಾರಿಸಿದ ಪ್ಲೇಟ್‌ಲೆಟ್ ಚೀಲಗಳನ್ನು ದಿನನಿತ್ಯದ ಕೆಲಸದಲ್ಲಿ ಬಳಸಿ ನೋಡಿದವರಲ್ಲಿ ನಾನೂ ಒಬ್ಬ. ಬೆಲೆ ತುಸು ಹೆಚ್ಚಾದರೂ ಅವನ್ನೇ ಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಪ್ಲೇಟ್‌ಲೆಟ್‌ಗಳನ್ನು ಕೆಂಪು ಕಣಗಳಂತೆ ಫ್ರಿಜ್ಜಿನಲ್ಲಿಡುವುದಿಲ್ಲ. 20ರಿಂದ 24 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಜಿಟೇಟರ್ ಎಂಬ ಅಲುಗಾಡುವ ಯಂತ್ರದ ಮೇಲೆ ನಿಲ್ಲದೆ ಮೆಲ್ಲಗೆ ಅಲುಗಿಸುತ್ತಾ ಇಡುತ್ತೇವೆ. ಅಲ್ಲಿಯೂ ಅವು ಜೀವಂತವಾಗಿರುವುದರಿಂದ ಚೀಲದ ಗೋಡೆಯ ಮೂಲಕ ಆಮ್ಲಜನಕ ಒಳಬರಬೇಕು, ಇಂಗಾಲದ ಡೈಆಕ್ಸೈಡ್ ಹೊರಹೋಗಬೇಕು. ಇದು ಸಾಲದಾದಾಗ ಲ್ಯಾಕ್ಟಿಕ್ ಆಮ್ಲ ಸೇರಿಕೊಂಡು ಪಿಎಚ್ ಕುಸಿಯುತ್ತದೆ, ಚಪ್ಪಟೆಯಾಗಿದ್ದ ಪ್ಲೇಟ್‌ಲೆಟ್‌ಗಳು ಗುಂಡಗಾಗಿ ಕೆಲಸಕ್ಕೆ ಬಾರದಂತಾಗುತ್ತವೆ. ಹಳೆಯ ಡಿಇಎಚ್‌ಪಿ ಚೀಲಗಳಲ್ಲಿ ಮೂರು ದಿನಕ್ಕೆ ನಿಲ್ಲುತ್ತಿದ್ದ ಆಯಸ್ಸು ಐದು ದಿನಕ್ಕೆ ಏರಿದ್ದು ಟಿಒಟಿಎಂನದರಂಥ ಗಾಳಿಯಾಡುವ ಹೊಸ ಚೀಲಗಳಿಂದಲೇ. ಅಮೆರಿಕದಲ್ಲಿ 1984ರಲ್ಲಿ ಏಳು ದಿನಕ್ಕೆ ಅನುಮತಿ ಕೊಟ್ಟು, ಬ್ಯಾಕ್ಟೀರಿಯಾ ಬೆಳೆಯುವ ಅಪಾಯ ಕಂಡು 1986ರಲ್ಲಿ ಮತ್ತೆ ಐದಕ್ಕೆ ಇಳಿಸಿದರು. ಚೀಲ ಎಷ್ಟೇ ಒಳ್ಳೆಯದಾದರೂ ದಾನಿಯ ತೋಳನ್ನು ಸರಿಯಾಗಿ ಶುಚಿಗೊಳಿಸುವ ಕೆಲಸ ತಪ್ಪುವುದಿಲ್ಲ.

ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಐದನೆಯ ದಿನದ ಚೀಲವನ್ನು ಟ್ಯೂಬ್‌ಲೈಟಿನ ಎದುರು ಹಿಡಿದು ಮೆಲ್ಲಗೆ ತಿರುಗಿಸಿದರೆ ತಿಳಿಹಳದಿ ದ್ರವದೊಳಗೆ ರೇಷ್ಮೆಯಂತಹ ಹೊಳಪಿನ ಸುಳಿಗಳು ಏಳಬೇಕು. ನಾನು ನೋಡಿದ ಟಿಒಟಿಎಂ ಚೀಲಗಳಲ್ಲಿ ಈ ಸುಳಿ ಕೊನೆಯ ದಿನದವರೆಗೂ ಚೆನ್ನಾಗಿ ಉಳಿದಿರುತ್ತದೆ. ಪ್ಲೇಟ್‌ಲೆಟ್ ಕೆಟ್ಟಿದ್ದರೆ ದ್ರವ ಮಂಕಾಗಿ ಸುಮ್ಮನೆ ಅಲುಗುತ್ತದೆ, ಅಷ್ಟೇ.

ಸುರಕ್ಷತೆಯ ವಿಚಾರ ಇಷ್ಟಕ್ಕೇ ಮುಗಿಯುವುದಿಲ್ಲ. ಡಿಇಎಚ್‌ಪಿ ಪ್ಲಾಸ್ಟಿಕ್ಕಿಗೆ ಗಟ್ಟಿಯಾಗಿ ಅಂಟಿಕೊಂಡಿರುವುದಿಲ್ಲ, ರಕ್ತದ ದ್ರವಭಾಗವಾದ, ಕೊಬ್ಬಿನಂಶವಿರುವ ಪ್ಲಾಸ್ಮಾಕ್ಕೆ ಸುಲಭವಾಗಿ ಇಳಿಯುತ್ತದೆ, ಮತ್ತು ಪ್ಲೇಟ್‌ಲೆಟ್‌ಗಳು ತೇಲುವುದು ಆ ಪ್ಲಾಸ್ಮಾದಲ್ಲೇ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಗಂಡು ಮರಿಗಳ ಜನನಾಂಗದ ಬೆಳವಣಿಗೆಗೆ ಅದು ತೊಂದರೆ ಮಾಡುವುದು ಕಂಡುಬಂದ ಕಾರಣ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2002ರಲ್ಲೇ ಗಂಡು ನವಜಾತ ಶಿಶುಗಳಂಥವರಿಗೆ ಸಾಧ್ಯವಿದ್ದಲ್ಲಿ ಬೇರೆ ಸಾಮಗ್ರಿ ಬಳಸುವಂತೆ ಸೂಚಿಸಿತ್ತು. ಟಿಒಟಿಎಂ ಅದಕ್ಕಿಂತ ಬಹಳ ಕಡಿಮೆ ಸೋರುತ್ತದೆ. ದಿನ ತುಂಬದೆ ಹುಟ್ಟಿ ಮತ್ತೆ ಮತ್ತೆ ಪ್ಲೇಟ್‌ಲೆಟ್ ಪಡೆಯುವ ಕೂಸಿನ ತೂಕ ನೆನೆದರೆ ಈ ಅಂತರ ಸಣ್ಣದಲ್ಲ.

ಇನ್ನು ಕೊರತೆ. ಮೂರು ಚೀಲಗಳನ್ನು ಕೊಳವೆಯಿಂದ ಜೋಡಿಸಿದ ಟ್ರಿಪಲ್ ಬ್ಯಾಗ್ ಕಿಟ್ಟಿನಲ್ಲಿ ಸಾಮಾನ್ಯವಾಗಿ ಪ್ಲೇಟ್‌ಲೆಟ್ ಚೀಲವೊಂದೇ ಟಿಒಟಿಎಂನದು. ದಾನಿಯ ರಕ್ತ ಮೊದಲು ಬೀಳುವ ದೊಡ್ಡ ಚೀಲ ಡಿಇಎಚ್‌ಪಿಯದೇ. ಬೇರ್ಪಡಿಸುವ ತನಕ ರಕ್ತ ಕೆಲವು ಗಂಟೆ ಅದರಲ್ಲಿ ಇರುವುದರಿಂದ ಅಷ್ಟರಮಟ್ಟಿಗೆ ಡಿಇಎಚ್‌ಪಿ ಸೇರಿಯೇ ಸೇರುತ್ತದೆ. ಇದನ್ನು ತಯಾರಕರ ಜಿಪುಣತನ ಎನ್ನಲಾಗದು, ಏಕೆಂದರೆ ಡಿಇಎಚ್‌ಪಿ ಕೆಂಪು ಕಣಗಳ ಪೊರೆ ಒಡೆಯದಂತೆ ಕಾಯುತ್ತದೆ ಮತ್ತು ಆ ಗುಣವಿರುವ ಬದಲಿ ಹುಡುಕುವುದು ಕಷ್ಟವಾಗಿದೆ. ಆದರೂ ಯುರೋಪಿನಲ್ಲಿ ವೈದ್ಯಕೀಯ ಸಾಧನಗಳಿಗೆ ಡಿಇಎಚ್‌ಪಿ ಬಳಸಲು 2030ರ ಜುಲೈ 1ರ ಗಡುವು ಇದೆ. ನಮ್ಮ ಖರೀದಿ ಸಮಿತಿಗಳು ಈಗಲೇ ಆ ಕಡೆ ಗಮನ ಕೊಡಬೇಕು.

ಟೆಂಡರಿನಲ್ಲಿ ಬರೀ ‘ಟ್ರಿಪಲ್ ಬ್ಯಾಗ್, 450 ಮಿಲಿ’ ಎಂದು ಬರೆದರೆ ಅಗ್ಗದ್ದೇ ಬರುತ್ತದೆ. ಪ್ಲೇಟ್‌ಲೆಟ್ ಚೀಲದ ಪ್ಲಾಸ್ಟಿಕ್ ಯಾವುದು, ಅದು ಎಷ್ಟು ದಿನದ ಸಂಗ್ರಹಕ್ಕೆ ಎಂಬುದನ್ನು ಸ್ಪಷ್ಟವಾಗಿ ನಮೂದಿಸಬೇಕು. ಬಂದ ಮೇಲೂ ಚೀಲಗಳನ್ನು ಒಂದರ ಮೇಲೊಂದು ಪೇರಿಸಬಾರದು, ದೊಡ್ಡ ಲೇಬಲ್ ಅಂಟಿಸಿ ಗೋಡೆ ಮುಚ್ಚಬಾರದು. ಗಾಳಿಯಾಡಲೆಂದು ಹೆಚ್ಚು ಹಣ ಕೊಟ್ಟು ತಂದ ಚೀಲ ಆಗ ಹಳೆಯ ಚೀಲದಷ್ಟೇ ಉಸಿರು ಕಟ್ಟಿಸುತ್ತದೆ.