ಹಳೆಯ ವಿಮಾನ ಕತ್ತರಿಸಲು ಹೈಡ್ರಾಲಿಕ್ ಕತ್ತರಿಯೋ, ಗರಗಸವೋ?

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿರುವ ಟುಪೊಲೆವ್-142 ವಿಮಾನ 2017ರಲ್ಲಿ ನೌಕಾಪಡೆಯ ಸೇವೆಯಿಂದ ನಿವೃತ್ತವಾಯಿತು; ಅದನ್ನು ಅರಕ್ಕೋಣಂನಲ್ಲಿ ಬಿಚ್ಚಿ, ಲಾರಿಗಳಲ್ಲಿ ತಂದು ಇಲ್ಲಿ ಮರುಜೋಡಿಸಿದ್ದಾರೆ. ಅಂಥ ವಿಮಾನಕ್ಕೆ ಸ್ಪ್ಯಾನರ್ ಮತ್ತು ಕ್ರೇನ್ ಸಾಕು. ಗುಜರಿಗೆ ಹೋಗುವ ವಿಮಾನದ ಮಾತು ಬೇರೆ. ಅಂಕೋಲಾ ಬಳಿಯ ನಮ್ಮ ಅಂಗಳಕ್ಕೆ ಹರಾಜಿನಲ್ಲಿ ಬಂದ ಹಳೆಯ ಸಾರಿಗೆ ವಿಮಾನವೊಂದರ ಎಡ ರೆಕ್ಕೆಯನ್ನು ಹಿಟಾಚಿಗೆ ಜೋಡಿಸಿದ ಹೈಡ್ರಾಲಿಕ್ ಕತ್ತರಿಯಿಂದಲೂ, ಬಲ ರೆಕ್ಕೆಯನ್ನು ಪೆಟ್ರೋಲ್ ಗರಗಸದಿಂದಲೂ ಕತ್ತರಿಸಿ ನೋಡಿದೆವು.

ಗ್ಯಾಸ್ ಕಟರ್ ಅನ್ನು ಆರಂಭದಲ್ಲೇ ಬದಿಗಿಟ್ಟೆವು. ಅಲ್ಯೂಮಿನಿಯಂ 660 ಡಿಗ್ರಿಯಲ್ಲಿ ಕರಗುತ್ತದೆ, ಅದರ ಮೇಲಿನ ಆಕ್ಸೈಡ್ ಪದರಕ್ಕೆ 2000 ಡಿಗ್ರಿಗೂ ಹೆಚ್ಚು ಬೇಕು. ಹೀಗಾಗಿ ಲೋಹ ಸೀಳುವ ಬದಲು ಜೋತುಬೀಳುತ್ತದೆ. ಹಳೆಯ ವಿಮಾನಗಳ ಚಕ್ರಗಳಲ್ಲಿ ಮೆಗ್ನೀಸಿಯಂ ಇದ್ದರೆ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಆ ಬೆಂಕಿಗೆ ನೀರು ಸುರಿದರೆ ಅದು ಮತ್ತಷ್ಟು ಉರಿಯುತ್ತದೆ.

ಕತ್ತರಿ ಎಡ ರೆಕ್ಕೆಯನ್ನು ಮಧ್ಯಾಹ್ನದೊಳಗೆ ಮುಗಿಸಿತು. ಆದರೆ ಅದು ಕತ್ತರಿಸುವುದಕ್ಕಿಂತ ಮೊದಲು ಹಿಸುಕುತ್ತದೆ. ಉಕ್ಕಿನ ಬೋಲ್ಟು, ತಾಮ್ರದ ತಂತಿ, ರಬ್ಬರ್ ಎಲ್ಲವೂ ಅಲ್ಯೂಮಿನಿಯಂನೊಳಗೆ ಮುದ್ದೆಯಾಗಿ, ಖಾಲಿ ಮಾಡಿದ್ದೇವೆಂದು ನಂಬಿದ್ದ ಟ್ಯಾಂಕಿನ ಮೂಲೆಯಿಂದ ಇಂಧನ ತೊಟ್ಟಿಕ್ಕತೊಡಗಿದಾಗ ಕೆಲಸ ನಿಲ್ಲಿಸಿ ಮರಳು ಹಾಕಬೇಕಾಯಿತು. ಆ ಮುದ್ದೆಗೆ ಕಲಬೆರಕೆ ಮಾಲಿನ ಬೆಲೆಯಷ್ಟೇ ಸಿಕ್ಕಿತು.

ಗರಗಸಕ್ಕೆ ಒಂದೂವರೆ ದಿನ ಹಿಡಿಯಿತು. ಉಜ್ಜಿ ಕತ್ತರಿಸುವ ಬಿಲ್ಲೆಯ ಮೇಲೆ ಅಲ್ಯೂಮಿನಿಯಂ ಮೆತ್ತಿಕೊಂಡಿದ್ದರಿಂದ ಕಾರ್ಬೈಡ್ ಹಲ್ಲಿನ ಬ್ಲೇಡ್ ಹಾಕಿದ ಮೇಲೆಯೇ ಕೆಲಸ ಸಾಗಿತು. ಕೊಯ್ದ ಅಂಚು ಕನ್ನಡಿಯಂತೆ ಹೊಳೆಯುತ್ತಿತ್ತು. ರಿವೆಟ್ ಸಾಲಿನಲ್ಲಿ ಮಾತ್ರ ಹಳೆಯ ತುಕ್ಕಿನಿಂದಾಗಿ ಬಿಳಿಯ ಪುಡಿಯೊಂದಿಗೆ ಲೋಹ ಪದರಪದರವಾಗಿ ಎದ್ದಿತ್ತು. ಉಕ್ಕು, ತಗಡು, ದಪ್ಪ ತೊಲೆಗಳನ್ನು ಬೇರೆಬೇರೆ ರಾಶಿ ಹಾಕಲು ಸಾಧ್ಯವಾದದ್ದು ಈ ಸ್ವಚ್ಛ ಕೊಯ್ತದಿಂದಲೇ.

ಅಮೆರಿಕದ ಡೇವಿಸ್-ಮಾಂಥನ್ ವಾಯುನೆಲೆಯಲ್ಲಿ ಬಿ-52 ಬಾಂಬರ್‌ಗಳ ಮೇಲೆ ಸುಮಾರು ಆರು ಟನ್ ತೂಕದ ಉಕ್ಕಿನ ಅಲಗನ್ನು ಕ್ರೇನ್‌ನಿಂದ ಬೀಳಿಸುತ್ತಿದ್ದರು. ರಷ್ಯಾದೊಂದಿಗಿನ ಶಸ್ತ್ರಾಸ್ತ್ರ ಕಡಿತ ಒಪ್ಪಂದದಂತೆ ವಿಮಾನ ನಾಶವಾದದ್ದು ಆ ದೇಶದ ಉಪಗ್ರಹಕ್ಕೆ ಕಾಣಬೇಕೆಂಬುದು ಅಲ್ಲಿನ ಅಗತ್ಯ. ಲೋಹದ ಬೆಲೆ ನೋಡುವ ನಮಗೆ ಅದು ಮಾದರಿಯಲ್ಲ.

ನನ್ನ ಆಯ್ಕೆ ಗರಗಸವೇ. ಆದರೆ ಒಡಲಿನ ತೆಳು ತಗಡಿಗೂ ಅದನ್ನೇ ಬಳಸಿದರೆ ಆಳುಗಳ ತೋಳು ಸೋತುಹೋಗುತ್ತದೆ. ಮುಂದಿನ ವಿಮಾನಕ್ಕೆ ಎರಡನ್ನೂ ಬಾಡಿಗೆಗೆ ಹೇಳಿದ್ದೇನೆ: ರೆಕ್ಕೆಯ ಬುಡ ಮತ್ತು ಚಕ್ರದ ಕಾಲುಗಳಿಗೆ ಮೊದಲು ಗರಗಸ, ಉಳಿದ ಒಡಲಿಗೆ ಕತ್ತರಿ.