ತಾರಸಿಯಿಂದ ಎಂ27: ಡ್ಯುಯಲ್ ಬ್ಯಾಂಡ್ ಫಿಲ್ಟರ್ ಜೊತೆ ಮೂರು ವರ್ಷ

ಬೆಂಗಳೂರಿನ ನಮ್ಮ ತಾರಸಿಯಿಂದಲೇ ಡಂಬೆಲ್ ನೀಹಾರಿಕೆ, ಅಂದರೆ ಎಂ27, ಫೋಟೋ ತೆಗೆಯಬೇಕು ಎಂಬ ಒಂದೇ ಆಸೆಗೆ ಈ ಫಿಲ್ಟರ್ ಕೊಂಡೆ. 80 ಎಂಎಂ ದೂರದರ್ಶಕ, ಕಲರ್ ಕ್ಯಾಮೆರಾ, ನಡುವೆ ಇದು.

ಫಿಲ್ಟರ್ ಇಲ್ಲದೆ 30 ಸೆಕೆಂಡ್ ಶಟರ್ ತೆರೆದಿಟ್ಟರೇ ನಗರದ ದೀಪಗಳಿಂದ ಚಿತ್ರದಲ್ಲಿ ಆಕಾಶ ಬೆಳ್ಳಗಾಗುತ್ತಿತ್ತು. ಈಗ 300 ಸೆಕೆಂಡ್ ಧಾರಾಳವಾಗಿ ಬಿಡುತ್ತೇನೆ. ಇದು ಹೈಡ್ರೋಜನ್‌ನ 656 ಮತ್ತು ಆಮ್ಲಜನಕದ 501 ನ್ಯಾನೋಮೀಟರ್ ತರಂಗಾಂತರಗಳ ಸುತ್ತ 7 ನ್ಯಾನೋಮೀಟರ್‌ನಷ್ಟು ಬೆಳಕನ್ನು ಮಾತ್ರ ಬಿಡುತ್ತದೆ. ಎಂ27 ಎಂದರೆ ಸಾಯುವ ನಕ್ಷತ್ರವೊಂದು ಹೊರಚೆಲ್ಲಿದ ಅನಿಲ, ಅದು ಜಾಸ್ತಿ ಹೊಳೆಯುವುದೂ ಅಲ್ಲೇ. 1864ರಲ್ಲಿ ಖಗೋಳ ವಿಜ್ಞಾನಿ ವಿಲಿಯಂ ಹಗಿನ್ಸ್ ಇಂಥದ್ದೇ ಒಂದು ನೀಹಾರಿಕೆಯ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ನೋಡಿದಾಗ ಕಂಡ ಹಸಿರು ಗೆರೆ ಯಾವ ಮೂಲವಸ್ತುವಿನದ್ದು ಎಂದು 1927ರವರೆಗೆ ಯಾರಿಗೂ ಗೊತ್ತಿರಲಿಲ್ಲ, ಆಮೇಲೆ ಭೌತವಿಜ್ಞಾನಿ ಐರಾ ಬೋವೆನ್ ಅದು ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕದ್ದು ಎಂದು ತೋರಿಸಿದರು. ಅದೇ ಬೆಳಕು ನನ್ನ ಲ್ಯಾಪ್‌ಟಾಪ್ ಪರದೆ ಮೇಲೆ ಮೂಡಿದಾಗ ಆದ ಖುಷಿ ಇನ್ನೂ ಹೋಗಿಲ್ಲ.

ತೊಂದರೆಗಳೂ ಇವೆ. ಪ್ರಖರ ನಕ್ಷತ್ರಗಳ ಸುತ್ತ ಹಸಿರು-ನೀಲಿ ಬಳೆ ಮೂಡುತ್ತದೆ, ಮಾರಿದವರನ್ನು ಕೇಳಿದರೆ ಸರಿಯಾದ ಉತ್ತರ ಬರಲಿಲ್ಲ. ಎರಡನೇ ಮಳೆಗಾಲದಲ್ಲಿ ಗಾಜಿನ ಅಂಚಿಗೆ ಬೂಷ್ಟು ಹಿಡಿಯಿತು. ಈಗ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ, ನೀವು ಮೊದಲ ದಿನದಿಂದಲೇ ಹಾಗೆ ಮಾಡಿ. ಹುಣ್ಣಿಮೆ ಹತ್ತಿರ ಆಮ್ಲಜನಕದ ಭಾಗ ಮಂಕಾಗುತ್ತದೆ. ಆಂಡ್ರೊಮಿಡಾದಂಥ ಗೆಲಾಕ್ಸಿಗೆ ಇದನ್ನು ಹಾಕಬೇಡಿ, ಅದರ ಬೆಳಕು ಎಲ್ಲಾ ಬಣ್ಣದಲ್ಲೂ ಹರಡಿರುತ್ತದೆ ಅಲ್ವಾ, ಬಹುಪಾಲು ಸುಮ್ನೆ ಹೋಗಿಬಿಡುತ್ತದೆ.

ನಮ್ಮ ಕಡೆ ದೊಡ್ಡ ಕಷ್ಟ ಫಿಲ್ಟರಿನದ್ದಲ್ಲ. ಎಂ27 ರಾತ್ರಿಯಿಡೀ ಸಿಗುವ ಜುಲೈ, ಆಗಸ್ಟ್‌ನಲ್ಲಿ ಮೋಡ. ಹಾಗಾಗಿ ಏಪ್ರಿಲ್‌ನಲ್ಲಿ ಬೆಳಗಿನ ಜಾವ ಎರಡಕ್ಕೆ ಏಳಬೇಕು, ಇಲ್ಲವೇ ಅಕ್ಟೋಬರ್ ಕೊನೆಗೆ ಕತ್ತಲಾದ ಕೂಡಲೇ ಶುರು ಮಾಡಿ ಹತ್ತರೊಳಗೆ ಮುಗಿಸಬೇಕು. ಧ್ರುವ ನಕ್ಷತ್ರ ಇಲ್ಲಿ ಬರೀ 13 ಡಿಗ್ರಿ ಎತ್ತರದಲ್ಲಿದೆ, ನನಗೆ ಅದು ಎದುರು ಕಟ್ಟಡದ ಹಿಂದೆ. ದೂರದರ್ಶಕವನ್ನು ಹೊತ್ತು ಆಕಾಶದ ಜೊತೆ ತಿರುಗುವ ಮೌಂಟನ್ನು ಧ್ರುವದ ಕಡೆಗೆ ಹೊಂದಿಸಲು ಸಾಫ್ಟ್‌ವೇರ್ ನೆರವು ಬೇಕೇ ಬೇಕು.

ಎಂ57 ಉಂಗುರ ನೀಹಾರಿಕೆಗೆ ಈ ಪುಟ್ಟ ದೂರದರ್ಶಕ ಸಾಲದು, ಚಿತ್ರದಲ್ಲಿ ಚುಕ್ಕಿಗಿಂತ ಸ್ವಲ್ಪ ದೊಡ್ಡದು ಅಷ್ಟೆ. ಆದರೆ ಎಂ27 ಅದರ ಐದಾರು ಪಟ್ಟು ಅಗಲ. ಕಳೆದ ಸಲ ನಾಲ್ಕು ರಾತ್ರಿಗಳ ಏಳು ಗಂಟೆ ಫ್ರೇಮ್‌ಗಳನ್ನು ಸಿರಿಲ್ ಎಂಬ ಸಾಫ್ಟ್‌ವೇರ್‌ನಲ್ಲಿ ಒಂದರ ಮೇಲೊಂದು ಪೇರಿಸಿದೆ. ಡಂಬೆಲ್‌ನ ಎರಡೂ ಬದಿಗೆ ಮಸುಕಾದ ನೀಲಿ ರೆಕ್ಕೆಗಳು ಮೊದಲ ಬಾರಿಗೆ ಕಂಡವು.