ನಿಯರ್ ಮಿಂಟ್ ಎಂದು ಕೊಂಡ ರೆಕಾರ್ಡು ಕೊನೆಯ ಹಾಡಿಗೆ ಬಂದಾಗ ಏಕೆ ಸೀಳುತ್ತದೆ?

ಹಳೆಯ ಎಲ್‌ಪಿಯೊಂದಕ್ಕೆ ಮಾರುವವರು ‘ನಿಯರ್ ಮಿಂಟ್’, ಅಂದರೆ ಹೆಚ್ಚುಕಡಿಮೆ ಹೊಸದರಂತೆಯೇ, ಎಂದು ದರ್ಜೆ ಹಾಕಿರುತ್ತಾರೆ. ಕೈಗೆ ಬಂದಾಗ ಹೊಳಪೋ ಹೊಳಪು, ಹುಡುಕಿದರೂ ಗೀರು ಸಿಗದು. ಮೊದಲ ಎರಡು ಹಾಡು ಚೆನ್ನಾಗಿಯೇ ಕೇಳುತ್ತವೆ. ಮೂರನೆಯದರಲ್ಲಿ ಗಾಯಕಿಯ ‘ಸ’, ‘ಶ’ಗಳು ಚೀರತೊಡಗುತ್ತವೆ. ಕೊನೆಯ ಹಾಡಿನಲ್ಲಿ ದನಿ ಏರಿದಲ್ಲೆಲ್ಲ ಬಟ್ಟೆ ಹರಿದಂಥ ಸದ್ದು. ತೊಳೆದರೂ ಅಷ್ಟೆ, ಒರೆಸಿದರೂ ಅಷ್ಟೆ. ಮಾರಿದವರನ್ನು ಕೇಳಿದರೆ ‘ಒಂದು ಗೀರೂ ಇಲ್ಲವಲ್ಲ’ ಎನ್ನುತ್ತಾರೆ. ಅವರ ಮಾತು ನಿಜವೇ. ಅವರು ರೆಕಾರ್ಡನ್ನು ನೋಡಿದ್ದಾರೆ, ಕೇಳಿಲ್ಲ.

ದರ್ಜೆಗಳ ಹೆಸರೇ ಮೊದಲ ಬಲೆ. ಹೆಚ್ಚಿನವರು ಬಳಸುವುದು ಅಮೆರಿಕದ ಗೋಲ್ಡ್‌ಮೈನ್ ಪತ್ರಿಕೆಯ ಪಟ್ಟಿಯನ್ನು: ಮಿಂಟ್, ನಿಯರ್ ಮಿಂಟ್, ವಿಜಿ ಪ್ಲಸ್, ವಿಜಿ, ಗುಡ್ ಪ್ಲಸ್, ಗುಡ್, ಕೊನೆಗೆ ಫೇರ್ ಮತ್ತು ಪೂರ್. ರೆಕಾರ್ಡು ಕೊಳ್ಳುವ ಮಾರುವ ಜಾಲತಾಣ ಡಿಸ್ಕಾಗ್ಸ್‌ನಲ್ಲೂ ನಡೆಯುವುದು ಇದೇ. ವಿಜಿ ಎಂದರೆ ‘ವೆರಿ ಗುಡ್’ ತಾನೇ ಎಂದು ನಂಬಿ ಕೊಂಡವರು ಕೆಟ್ಟರು. ವಿಜಿ ರೆಕಾರ್ಡಿನಲ್ಲಿ ಹಾಡು ಮೆಲ್ಲಗಾದಾಗಲೆಲ್ಲ ಚಟಪಟ ಎದ್ದು ಕೇಳುತ್ತದೆ, ಉಗುರಿಗೆ ತಾಗುವ ಗೀರುಗಳಿರುತ್ತವೆ. ‘ಗುಡ್’ ಎಂದರೆ ಸೂಜಿ ಹಾರದೆ ಕೊನೆಯವರೆಗೆ ಓಡುತ್ತದೆ ಎಂಬಷ್ಟೇ ಭರವಸೆ. ಅದರಲ್ಲಿ ಒಳ್ಳೆಯದು ಅಂತ ಏನೂ ಇಲ್ಲ. ಬೆಲೆಯ ಲೆಕ್ಕ ನೋಡಿದರೆ ಇದು ಇನ್ನೂ ಸ್ಪಷ್ಟ. ಆ ಪಟ್ಟಿಯ ಪ್ರಕಾರ ನಿಯರ್ ಮಿಂಟ್ ಪ್ರತಿಯ ಬೆಲೆಯಲ್ಲಿ ಸುಮಾರು ಶೇ. 50 ವಿಜಿ ಪ್ಲಸ್‌ಗೆ, ಶೇ. 25 ವಿಜಿಗೆ, ಶೇ. 10ರಿಂದ 15 ಗುಡ್‌ಗೆ. ಅಂದರೆ ಮೇಲಿನ ಮೆಟ್ಟಿಲುಗಳಲ್ಲಿ ಒಂದೇ ಒಂದು ಮೆಟ್ಟಿಲು ಏರಿಸಿ ಬರೆದರೂ ಕೊಳ್ಳುವವರು ಕೊಡುವುದು ದುಪ್ಪಟ್ಟು. ಮಾರುವವರಿಗೋ, ಹೆತ್ತವರಿಗೆ ಹೆಗ್ಗಣ ಮುದ್ದು.

ಇದರ ಜೊತೆಗೆ ಬ್ರಿಟನ್ನಿನ ರೆಕಾರ್ಡ್ ಕಲೆಕ್ಟರ್ ಪತ್ರಿಕೆಯ ಪಟ್ಟಿಯೂ ಚಲಾವಣೆಯಲ್ಲಿದೆ. ಅದರಲ್ಲಿ ಮಿಂಟ್ ಆದಮೇಲೆ ‘ಎಕ್ಸಲೆಂಟ್’, ಆಮೇಲೆ ವಿಜಿ. ಅಲ್ಲಿನ ವಿಜಿ ಅಮೆರಿಕದ ವಿಜಿಗಿಂತ ಮೇಲಿನದು. ಹಾಗಾಗಿ ದರ್ಜೆ ಕೇಳುವ ಮೊದಲು ಯಾವ ಪಟ್ಟಿ ಎಂದು ಕೇಳಬೇಕು.

ಇನ್ನು ಕಣ್ಣಿಗೆ ಕಾಣದ ಸವೆತ. ರೆಕಾರ್ಡಿನ ಗ್ರೂವ್ ಇಂಗ್ಲಿಷಿನ ‘ವಿ’ ಅಕ್ಷರದ ಆಕಾರದ ಕಾಲುವೆ. ಸ್ಟೀರಿಯೋದಲ್ಲಿ ಒಳಗೋಡೆ ಎಡ ಚಾನೆಲ್, ಹೊರಗೋಡೆ ಬಲ ಚಾನೆಲ್. ನಿಮಿಷಕ್ಕೆ 33⅓ ಸುತ್ತಿನ ವೇಗದಲ್ಲಿ ತಿರುಗುವ 12 ಇಂಚಿನ ತಟ್ಟೆಯ ಹೊರ ಅಂಚಿನಲ್ಲಿ ಗ್ರೂವ್ ಸೂಜಿಯಡಿ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಸಾಗುತ್ತದೆ. ಲೇಬಲ್ಲಿನ ಹತ್ತಿರ ಬರುವಷ್ಟರಲ್ಲಿ ಅದು ಸುಮಾರು 21ಕ್ಕೆ ಇಳಿದಿರುತ್ತದೆ. ಹೊರಗೆ 10,000 ಹರ್ಟ್ಸ್‌ನ ಒಂದು ಅಲೆಗೆ 51 ಮೈಕ್ರಾನ್ ಜಾಗ ಸಿಕ್ಕರೆ ಒಳಗೆ ಸಿಗುವುದು 21 ಮಾತ್ರ. ಸಾಮಾನ್ಯ ಉರುಟು ಸೂಜಿಯ ತುದಿಯ ತ್ರಿಜ್ಯವೇ ಸುಮಾರು 18 ಮೈಕ್ರಾನ್. ಅಷ್ಟು ಇಕ್ಕಟ್ಟಿನ ತಿರುವಿನಲ್ಲಿ ಅದು ನೆಟ್ಟಗೆ ಹಾಯಲಾರದು, ಗೋಡೆಯನ್ನು ಕೆರೆಯುತ್ತದೆ. ಸೂಜಿಯನ್ನು ಹಿಡಿದಿರುವ ಪುಟ್ಟ ಭಾಗವೇ ಕಾರ್ಟ್ರಿಜ್. ಈಗಿನ ಮ್ಯಾಗ್ನೆಟಿಕ್ ಕಾರ್ಟ್ರಿಜ್‌ಗಳು ಹೆಚ್ಚಾಗಿ 1.5ರಿಂದ 2 ಗ್ರಾಂ ಭಾರದಲ್ಲಿ ಓಡುತ್ತವೆ. ಹಳೆಯ ಸಿರಾಮಿಕ್ ಕಾರ್ಟ್ರಿಜ್‌ಗಳಲ್ಲಿ 5 ಗ್ರಾಂ ಸಾಮಾನ್ಯವಾಗಿತ್ತು, ಅದಕ್ಕಿಂತ ಹೆಚ್ಚಿನವೂ ಇದ್ದವು. ಸವೆದ ಸೂಜಿ, ಮೇಲೆ ಅಷ್ಟು ಭಾರ, ಹತ್ತಾರು ಸಲ ಓಡಿಸಿದ್ದು: ‘ಸ’ಕಾರದ ಸೂಕ್ಷ್ಮ ಅಲೆಗಳು ಚಪ್ಪಟೆಯಾಗಿ ಹೋಗಿರುತ್ತವೆ. ಮೇಲ್ಮೈ ಮಾತ್ರ ನುಣುಪು. ಕೆಲವೊಮ್ಮೆ ಜೋರು ದನಿಯ ಭಾಗ ತುಸು ಬೂದಿ ಬಣ್ಣಕ್ಕೆ ತಿರುಗಿರುತ್ತದೆ, ಅದೂ ಕಾಣಲೇಬೇಕೆಂದಿಲ್ಲ.

ಕಾಣುವ ದೋಷಗಳೇ ಎಷ್ಟೋ ಸಲ ವಾಸಿ. ತೆಳುವಾದ ಕೂದಲೆಳೆ ಗೆರೆಗಳು ಕಣ್ಣಿಗೆ ಕೆಟ್ಟದಾಗಿ ಕಂಡರೂ ಕಿವಿಗೆ ಏನೂ ಅನ್ನಿಸದಿರಬಹುದು. ಬೆರಳಿಗೆ ಸಿಗುವ ಗೀರಾದರೆ ಲೆಕ್ಕ ಹಾಕಿ ನೋಡಿ. ತಟ್ಟೆ ಒಂದು ಸುತ್ತು ತಿರುಗಲು 1.8 ಸೆಕೆಂಡು. 20 ನಿಮಿಷದ ಒಂದು ಬದಿ ಎಂದರೆ ಸುಮಾರು 667 ಸುತ್ತು, ಅವು ಹರಡಿರುವುದು ಸರಿಸುಮಾರು 8.5 ಸೆಂಟಿಮೀಟರ್ ಅಗಲದಲ್ಲಿ. ಗ್ರೂವ್‌ಗಳನ್ನು ಅಡ್ಡಕ್ಕೆ ಕತ್ತರಿಸುವ 1 ಸೆಂಟಿಮೀಟರ್ ಗೀರು ಹೆಚ್ಚುಕಡಿಮೆ 78 ಸುತ್ತುಗಳನ್ನು ತಾಗುತ್ತದೆ. 1.8 ಸೆಕೆಂಡಿಗೊಮ್ಮೆ ಟಕ್, ಟಕ್ ಎಂದು ಎರಡು ನಿಮಿಷಕ್ಕೂ ಮೀರಿ ಕೇಳಬೇಕು. ‘ಸಣ್ಣದೊಂದು ಗೀರಿದೆ ಅಷ್ಟೆ’ ಎಂಬ ವಿವರಣೆಯ ಹಿಂದೆ ಇರುವುದು ಇದು. ಗೀರು ಗ್ರೂವಿನ ದಿಕ್ಕಿಗೇ ಸಾಗಿದ್ದರೆ ಇನ್ನೂ ಅಪಾಯ, ಸೂಜಿ ಅದರ ಬೆನ್ನು ಹತ್ತಿ ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತದೆ.

ನೋಡುವ ಬೆಳಕು ಮುಖ್ಯ. ಟ್ಯೂಬ್‌ಲೈಟಿನ ಹರಡಿದ ಬೆಳಕಿನಲ್ಲಿ ವಿಜಿಯೂ ನಿಯರ್ ಮಿಂಟ್ ಆಗಿ ಕಾಣುತ್ತದೆ. ಕತ್ತಲೆ ಕೋಣೆಯಲ್ಲಿ ಫೋನಿನ ಟಾರ್ಚನ್ನು ಓರೆಯಾಗಿ ಹಿಡಿದು ತಟ್ಟೆಯನ್ನು ನಿಧಾನವಾಗಿ ತಿರುಗಿಸಬೇಕು. ಲೇಬಲ್ಲಿನ ತೂತಿನ ಸುತ್ತ ಜೇಡರ ಬಲೆಯಂತೆ ತೆಳು ಗೆರೆಗಳಿವೆಯೇ ನೋಡಿ. ಕಣ್ಣಳತೆಯಲ್ಲಿ ತಟ್ಟೆ ಇಟ್ಟಾಗ ಪ್ಲೇಯರಿನ ನಡುವಿನ ಮೊಳೆ ಲೇಬಲ್ಲಿಗೆ ಉಜ್ಜಿ ಆದ ಗುರುತು ಅದು. ಮೇಲ್ಮೈ ಎಷ್ಟೇ ಹೊಳೆಯಲಿ, ಆ ಗೆರೆಗಳು ಬಹಳವಿದ್ದರೆ ರೆಕಾರ್ಡು ಬಹಳ ಸಲ ಓಡಿದೆ. ಅತಿಯಾದ ಹೊಳಪೂ ಅನುಮಾನಕ್ಕೆ ಎಡೆ. ಎಣ್ಣೆಯೋ ಪಾಲಿಶ್ ಸ್ಪ್ರೇಯೋ ಹಚ್ಚಿ ಮಿಂಚಿಸುವವರಿದ್ದಾರೆ, ಆ ಜಿಡ್ಡು ಧೂಳು ಹಿಡಿದು ಸೂಜಿಯ ತುದಿಗೆ ಮೆತ್ತಿಕೊಳ್ಳುತ್ತದೆ.

ಯಾವ ದರ್ಜೆಯ ಲೆಕ್ಕಕ್ಕೂ ಸರಿಯಾಗಿ ಸಿಗದ ದೋಷಗಳು ಬೇರೆ ಇವೆ. ರೆಕಾರ್ಡು ಮಾಡುವಾಗ ಅಚ್ಚಿನೊಳಗೆ ವಿನೈಲ್ ಎಂಬ ಪ್ಲಾಸ್ಟಿಕ್ ಪೂರ್ತಿ ತುಂಬದೆ ಉಳಿದರೆ, ಒಮ್ಮೆಯೂ ಓಡಿಸದ ತಟ್ಟೆಯಲ್ಲೂ ಜಿಪ್ ಎಳೆದಂಥ ಸದ್ದು ಬರುತ್ತದೆ. ತೂತು ನಡುಮಧ್ಯದಿಂದ ಅರ್ಧ ಮಿಲಿಮೀಟರ್ ಸರಿದಿದ್ದರೂ ಪಿಯಾನೊದ ಉದ್ದ ಸ್ವರಗಳು ತೂಗಾಡುತ್ತವೆ. ಪಿವಿಸಿ ಕವರಿನಲ್ಲಿ ವರ್ಷಗಟ್ಟಲೆ ಇಟ್ಟ ರೆಕಾರ್ಡಿನ ಮೇಲೆ ಮಂಜು ಕವಿದಂಥ ಕಲೆ ಮೂಡುತ್ತದೆ. ಕವರಿನ ಪ್ಲಾಸ್ಟಿಕ್ ಮೆದುಗೊಳಿಸಲು ಹಾಕಿದ ರಾಸಾಯನಿಕ ವಿನೈಲಿಗೆ ಇಳಿದಿರುತ್ತದೆ. ಹುಸ್ ಎನ್ನುವ ಆ ಸದ್ದು ತೊಳೆದರೆ ಹೋಗುವುದಲ್ಲ. ಸೀಲ್ ಒಡೆಯದ ಪ್ರತಿ ಎಂದರೂ ನಿಶ್ಚಿಂತೆಯಿಲ್ಲ. ಬಿಗಿಯಾದ ಪ್ಲಾಸ್ಟಿಕ್ ಹೊದಿಕೆ ಕಾಲಕ್ರಮೇಣ ಕುಗ್ಗಿ ತಟ್ಟೆಯನ್ನೇ ಬಾಗಿಸುತ್ತದೆ, ಹೊಸದಾಗಿ ಸುತ್ತಿ ಮಾರುವವರೂ ಇದ್ದಾರೆ.

ಮಾರುವವರಿಗೆ ‘ಸ್ಥಿತಿ ಹೇಗಿದೆ?’ ಎಂದು ಕೇಳಬೇಡಿ, ‘ಚೆನ್ನಾಗಿದೆ’ ಎಂಬ ಉತ್ತರ ತಯಾರಿರುತ್ತದೆ. ಓಡಿಸಿ ನೋಡದೆ ಉತ್ತರಿಸಲಾಗದ ಪ್ರಶ್ನೆ ಕೇಳಿ. ಎರಡೂ ಬದಿಯ ಕೊನೆಯ ಹಾಡಿನಲ್ಲಿ ದನಿ ಒಡೆಯುತ್ತದೆಯೇ? ಯಾವ ಕಾರ್ಟ್ರಿಜ್‌ನಲ್ಲಿ, ಎಷ್ಟು ಗ್ರಾಂ ಭಾರದಲ್ಲಿ ಕೇಳಿದಿರಿ? ಎಲ್ಲಾದರೂ ಸೂಜಿ ಹಾರುತ್ತದೆಯೇ? ಎರಡು ಬದಿಗೆ ಬೇರೆ ಬೇರೆ ದರ್ಜೆ ಕೇಳಿ. ಒಂದು ಬದಿ ಹಾಳಾಗಿದ್ದರೆ ಇಡೀ ರೆಕಾರ್ಡಿನ ದರ್ಜೆ ಅದೇ, ಸರಾಸರಿ ತೆಗೆಯುವಂತಿಲ್ಲ. ಕವರಿನ ದರ್ಜೆಯೂ ಪ್ರತ್ಯೇಕ. ಸಾಧ್ಯವಾದರೆ ಕೊನೆಯ ಹಾಡಿನ ಒಂದು ನಿಮಿಷವನ್ನು ಧ್ವನಿಮುದ್ರಿಸಿ ಕಳಿಸಲು ಹೇಳಿ. ಅಷ್ಟಕ್ಕೆ ಬೇಸರಿಸುವವರ ‘ನಿಯರ್ ಮಿಂಟ್’ ಅನ್ನು ವಿಜಿ ಎಂದುಕೊಂಡೇ ಬೆಲೆ ಕಟ್ಟಿ.

ಬಂದಮೇಲೆ ತಕ್ಷಣ ದೂರು ಕೊಡುವುದೂ ಸರಿಯಲ್ಲ. ಮೊದಲು ತೊಳೆಯಿರಿ: ಡಿಸ್ಟಿಲ್ಡ್ ವಾಟರ್, ಅದಕ್ಕೆ ರೆಕಾರ್ಡ್ ತೊಳೆಯುವ ದ್ರಾವಣದ ಕೆಲವೇ ಹನಿ, ಲೇಬಲ್ ನೆನೆಯದ ಹಾಗೆ, ಪೂರ್ತಿ ಒಣಗುವವರೆಗೆ ಕಾದು. ಚದುರಿ ಬರುವ ಚಟಪಟ ಧೂಳಿನದಾದರೆ ಕಡಿಮೆಯಾಗುತ್ತದೆ. 1.8 ಸೆಕೆಂಡಿನ ತಾಳಕ್ಕೆ ಬರುವುದು ಗೀರು, ಉಳಿದೇ ಉಳಿಯುತ್ತದೆ. (78ರ ವೇಗದ ಅರಗಿನ ತಟ್ಟೆಗಳಿಗೆ ಮಾತ್ರ ಆಲ್ಕೋಹಾಲ್ ಬೆರೆತ ಯಾವುದನ್ನೂ ಸೋಕಿಸಬೇಡಿ, ಅರಗು ಕರಗುತ್ತದೆ.) ಆಮೇಲೆ ಚೆನ್ನಾಗಿದೆ ಎಂದು ಗೊತ್ತಿರುವ ನಿಮ್ಮದೇ ಇನ್ನೊಂದು ರೆಕಾರ್ಡಿನ ಕೊನೆಯ ಹಾಡು ಹಾಕಿ. ಅದೂ ಸೀಳಿದರೆ ತಪ್ಪು ನಿಮ್ಮ ಸೂಜಿಯದು ಅಥವಾ ಅದನ್ನು ಕೂರಿಸಿದ ಕೋನದ್ದು. ಅದು ಸರಿಯಿದ್ದು ಹೊಸದಾಗಿ ಬಂದದ್ದು ಮಾತ್ರ ಸೀಳಿದರೆ ಹೆಡ್‌ಫೋನ್ ಹಾಕಿ ಎಡ ಬಲ ಚಾನೆಲ್‌ಗಳನ್ನು ಬೇರೆ ಬೇರೆಯಾಗಿ ಕೇಳಿ. ಒಂದೇ ಬದಿಯ ಕಿವಿಯಲ್ಲಿ ಹೆಚ್ಚು ಒಡೆಯುತ್ತಿದ್ದರೆ ಆ ಬದಿಯ ಗೋಡೆ ಹೋಗಿದೆ. ಯಾವ ಹಾಡು, ಎಷ್ಟನೇ ನಿಮಿಷ ಎಂದು ಬರೆದು, ಧ್ವನಿಮುದ್ರಣದ ತುಣುಕಿನೊಂದಿಗೆ ಹಿಂದಿರುಗಿಸುವ ಅವಧಿಯೊಳಗೇ ಕಳಿಸಿ. ಬಂದ ಪೆಟ್ಟಿಗೆಯನ್ನು ಅಲ್ಲಿಯವರೆಗೆ ಎಸೆಯಬೇಡಿ, ವಾಪಸ್ ಹೋಗುವುದು ಅದರಲ್ಲೇ.